ಎಡಕ್ಕೆ ಎಳೆಯುವ ಮೋಟಾರು

ನಮ್ಮ ಮನೆಯ ಪಡಸಾಲೆಯಲ್ಲಿ ಊಟಕ್ಕೆ ಕುಳಿತರೆ ಮೋಟಾರು ನಮ್ಮ ತಾಟು ನೋಡುತ್ತಿತ್ತು. ಧಾರವಾಡದ ಆ ಮನೆಯನ್ನು ಅಜ್ಜ ಮಂದಿಗಿಂತ ಹೆಚ್ಚಾಗಿ ಚಕ್ಕಡಿಗಳಿಗಾಗಿ ಕಟ್ಟಿಸಿದ್ದ. ಹತ್ತಿ ಹೇರಿದ ಚಕ್ಕಡಿ ನೆಟ್ಟಗೆ ಒಳಗೆ ಬರಲೆಂದು ದೊಡ್ಡ ತಲಬಾಗಿಲು, ಬಾಗಿಲು ದಾಟಿದರೆ ಕಲ್ಲು ಹಾಸಿದ ಅಂಗಳ, ಅಂಗಳದ ಆ ಕಡೆ ಎತ್ತಿನ ಗೋದಲಿ, ಈ ಕಡೆ ಅದಕ್ಕೆದುರಾಗಿ ಪಡಸಾಲೆ. ಅಜ್ಜ ಹೋದ ಮೇಲೆ ಅಪ್ಪ ಮತ್ತು ಅವನ ತಮ್ಮ ಈರಣ್ಣ ಕಾಕಾ ಸೇರಿ ಎತ್ತು, ಚಕ್ಕಡಿ ಎಲ್ಲ ಮಾರಿ ಒಂದು ಸರ್ವಿಸ್ ಮೋಟಾರು ತಂದರು. ಧಾರವಾಡದಿಂದ ಅಮ್ಮಿನಬಾವಿಗೆ, ಅಲ್ಲಿಂದ ಮುಂದಿನ ಹಳ್ಳಿಗಳಿಗೆ ಮಂದಿಯನ್ನೂ ಕೋಳಿಯನ್ನೂ ಕಾಯಿಪಲ್ಯದ ಬುಟ್ಟಿಯನ್ನೂ ಹೊತ್ತು ತಿರುಗುವ ಗಾಡಿ. ಎತ್ತು ನಿಲ್ಲುತ್ತಿದ್ದ ಜಾಗದಲ್ಲೇ ಅದನ್ನು ನಿಲ್ಲಿಸಿದರು. ಅದರ ಎರಡು ದೊಡ್ಡ ದೀಪಗಳು ಪಡಸಾಲೆಯ ಕಡೆಗೇ ಮುಖ ಮಾಡಿರುತ್ತಿದ್ದವು. ಕಾಕಾ ಸತ್ತ ಮೇಲೆ ಅವ್ವನಿಗೆ ಆ ದೀಪಗಳ ಎದುರು ತುತ್ತು ಇಳಿಯದಾಯಿತು. ಒಂದು ದಿನ ಅವುಗಳ ಮೇಲೆ ಗೋಣಿಚೀಲ ಹೊದಿಸಿದಳು. ಅಪ್ಪನ ತಾಯಿ, ಅಂದರೆ ನನ್ನ ಆಯಿ, ಎದ್ದು ಹೋಗಿ ಚೀಲ ತೆಗೆದು ಮಡಿಚಿಟ್ಟಳು.

"ಮುಚ್ಚಬ್ಯಾಡ. ನಾವು ಉಣ್ಣೋದು ಅಂವ ನೋಡ್ಲಿ."

ಕಾಕಾ ಸತ್ತದ್ದು ಅದೇ ಮೋಟಾರಿನಲ್ಲಿ. ಅಮ್ಮಿನಬಾವಿಯ ಆಚೆ ರಸ್ತೆ ಒಂದು ಹಳ್ಳಕ್ಕೆ ಇಳಿಯುತ್ತದೆ. ಆ ಇಳಿಜಾರಿನಲ್ಲಿ ಗಾಡಿ ಎಡಕ್ಕೆ ಹೊರಳಿ, ಸೇತುವೆಯ ಕಟ್ಟೆ ಒಡೆದು ಕೆಳಗೆ ಬಿತ್ತು. ಮಂದಿಯೆಲ್ಲ ಹಿಂದಿನ ಊರಲ್ಲೇ ಇಳಿದಿದ್ದರು, ಒಳಗೆ ಅವನೊಬ್ಬನೇ ಇದ್ದ. ಮದುವೆಯಾಗಿರಲಿಲ್ಲ. ನಗುವ ಮನುಷ್ಯ, ನನ್ನನ್ನು ಮಡಿಲಲ್ಲಿ ಕೂರಿಸಿಕೊಂಡು ಹಾರ್ನು ಒತ್ತಲು ಕೊಡುತ್ತಿದ್ದ. ಅಪ್ಪ ಗಾಡಿಯನ್ನು ಊರವರ ಎತ್ತುಗಳಿಂದ ಎಳೆಸಿ ಮನೆಗೆ ತಂದ. ಗುಜರಿಗೆ ಹಾಕು ಎಂದು ಆಯಿ ಹಠ ಹಿಡಿದಳು. ಹಾಕಿದರೆ ಉಣ್ಣುವುದೇನು ಎಂದು ಅಪ್ಪ ಕೇಳಿದ. ಆ ಜಗಳದಲ್ಲಿ, ಮಣ್ಣು ಕೊಟ್ಟು ಬಂದ ಮಂದಿ ಇನ್ನೂ ಅಂಗಳದಲ್ಲಿ ಕೂತಿರುವಾಗಲೇ, ಅಪ್ಪ ಒಂದು ಮಾತು ಆಡಿಬಿಟ್ಟ.

"ಜೋರ ಹೊಡದ. ಎಷ್ಟ್ ಹೇಳಿದ್ರೂ ಕೇಳಲಿಲ್ಲ. ತನ್ನ ಕೈಲೆ ತಾನ ಸತ್ತ."

ಆ ಮಾತಿನ ಮೇಲೆ ಆಯಿ ಅಪ್ಪನೊಂದಿಗೆ ಮಾತು ಬಿಟ್ಟಳು. ಗಾಡಿಯನ್ನು ಅಪ್ಪ ಬಡಿದು, ಬೆಸೆದು, ಮುರಿದ ಮುಂದಿನ ಗಾಲಿಗಳನ್ನು ಬ್ರೇಕಿನ ಸಮೇತ ಬದಲಿಸಿ, ಹೊಸ ಬಣ್ಣ ಹೊಡೆದು ಮತ್ತೆ ರಸ್ತೆಗೆ ಬಿಟ್ಟ. ಆಯಿ ಮಾತ್ರ ಅಲ್ಲಿಂದ ಮುಂದೆ ವರ್ಷಗಟ್ಟಲೆ ಅವನಿಗೆ ಹೇಳುವುದನ್ನೆಲ್ಲ ನನ್ನ ಮೂಲಕ ಹೇಳಿಸಿದಳು. ಒಂದೇ ಪಡಸಾಲೆಯಲ್ಲಿ ಎದುರುಬದುರು ಕುಳಿತ ಇಬ್ಬರ ನಡುವೆ ನಾನು ಟಪಾಲಿನವಳಾದೆ.

"ಗಂಗೂ, ನಿಮ್ಮಪ್ಪಗ ಹೇಳು, ರೊಟ್ಟಿ ಆರಾಕತ್ತಾವ."

"ಅಪ್ಪಾ, ರೊಟ್ಟಿ ಆರಾಕತ್ತಾವಂತ."

"ಬಂದೆ ಅಂತ ಹೇಳು."

ನಗು ಬರುವಂಥದ್ದೇ. ನನಗೂ ಆಗ ನಗು ಬರುತ್ತಿತ್ತು. ಆದರೆ ಮಾತು ಒಯ್ಯುವವರಿಗೆ ಎರಡೂ ಕಡೆಯ ಮುಖ ಕಾಣುತ್ತದೆ. ಯಾರು ಏನು ನುಂಗಿಕೊಂಡರು ಎಂಬುದು ನನಗೆ ಅಂದಿನಿಂದಲೇ ತಿಳಿಯತೊಡಗಿತು. ಇಂದಿಗೂ ಯಾರಾದರೂ ಮಾತಾಡಿದರೆ ನಾನು ಮಾತಿಗಿಂತ ಗಂಟಲು ನೋಡುತ್ತೇನೆ, ಕೆಟ್ಟ ಚಟ.

ಆಯಿಗೆ ಕಬ್ಬಿಣದ ವಿಷಯದಲ್ಲಿ ಒಂದು ನೇಮವಿತ್ತು. ಚಕ್ಕಡಿಯ ಕಾಲದಿಂದ ಬಂದದ್ದು. ಮನೆಗೆ ಹೊಸ ಕಬ್ಬಿಣ ಬಂದರೆ, ಅದು ಕುಡಗೋಲಾಗಲಿ, ಚಕ್ಕಡಿಯ ಅಚ್ಚಾಗಲಿ, ಮೊದಲು ದೇವರ ಮನೆಗೆ ಹೋಗಬೇಕು. ಅರಿಶಿಣ ಕಲೆಸಿದ ಕುಸುಬಿ ಎಣ್ಣೆಯನ್ನು ಅದಕ್ಕೆ ಮೈತುಂಬ ಹಚ್ಚಿ, ಒಂದು ರಾತ್ರಿ ದೇವರ ಮುಂದೆ ಇಟ್ಟು, ಬೆಳಿಗ್ಗೆ ಒರೆಸಿ, ಕುಂಕುಮದ ಬೊಟ್ಟಿಟ್ಟು ಕೆಲಸಕ್ಕೆ ಕೊಡಬೇಕು. ಎಣ್ಣೆ ಕಾಣದ ಗಾಲಿ ಉರಿದುಹೋಗುತ್ತದೆ ಎಂಬುದು ಚಕ್ಕಡಿ ಹೊಡೆದವರ ಮನೆಯಲ್ಲಿ ಕೂಸಿಗೂ ಗೊತ್ತಿತ್ತು. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇ ಪೂಜೆಯ ಹೊತ್ತಿಗಂತೂ ಜೋಡಿಯಾಗಿ ಬಂದ ಯಾವ ಸಾಮಾನನ್ನೂ ಎರಡೂ ಒಟ್ಟಿಗೆ ಬಳಸುವಂತಿರಲಿಲ್ಲ. ಎಡಗಡೆಯದನ್ನು ಬೇಕಾದರೆ ಮೊದಲೇ ಹಾಕಿಕೊಳ್ಳಿ, ಬಲಗಡೆಯದು ದೇವರದು. ಎತ್ತು ಹೋಗಿ ಮೋಟಾರು ಬಂದಾಗ ಆಯಿ ಆ ನೇಮವನ್ನು ಮೋಟಾರಿಗೂ ಹಚ್ಚಿದಳು. ಕಾಕಾ ಇದ್ದಾಗ ಅವನೇ ನಗುತ್ತ ಬಲಗಡೆಯ ಸಾಮಾನು ತಂದು ಅವಳ ಮುಂದೆ ಇಡುತ್ತಿದ್ದ. ಅವನು ಹೋದ ಮೇಲೆ ಅಪ್ಪ ಏನೂ ಅನ್ನದೆ ದೇವರ ಮನೆಯ ಹೊಸ್ತಿಲಲ್ಲಿ ಇಟ್ಟುಹೋಗುತ್ತಿದ್ದ. ಅದು ಅವರಿಬ್ಬರ ನಡುವೆ ಉಳಿದಿದ್ದ ಒಂದೇ ವ್ಯವಹಾರ.

ಯುದ್ಧದ ದಿನಗಳು ಬಂದವು. ಪೆಟ್ರೋಲಿಗೆ ಕೂಪನ್ನು, ಟೈರಿಗೆ ಪರವಾನಿಗೆ, ಯಾವ ಸಾಮಾನೂ ಹೇಳಿದ ಹೊತ್ತಿಗೆ ಸಿಗುತ್ತಿರಲಿಲ್ಲ. ಒಂದು ದಸರೆಯ ಮುಂಚೆ ಅಪ್ಪ ಹುಬ್ಬಳ್ಳಿಗೆ ಅಲೆದಾಡಿ ಮುಂದಿನ ಗಾಲಿಗಳ ಬ್ರೇಕಿಗೆ ಹೊಸ ಪಟ್ಟಿ ತಂದ. ಗಾಲಿಯ ಒಳಗೆ ಕಬ್ಬಿಣದ ಒಂದು ಡ್ರಮ್ಮು ಗಾಲಿಯ ಜೊತೆ ತಿರುಗುತ್ತದೆ. ಕಾಲಿನಿಂದ ಬ್ರೇಕು ಒತ್ತಿದರೆ ಬಾಗಿದ ಎರಡು ಕಬ್ಬಿಣದ ತುಂಡುಗಳು ಅಗಲವಾಗಿ ಆ ಡ್ರಮ್ಮಿಗೆ ಒಳಗಿನಿಂದ ಒತ್ತುತ್ತವೆ. ಡ್ರಮ್ಮನ್ನು ಹಿಡಿಯುವುದು ಕಬ್ಬಿಣವಲ್ಲ, ಅದರ ಮೈಗೆ ರಿವೆಟ್ಟು ಬಡಿದು ಕೂರಿಸಿದ, ದಪ್ಪ ಬಟ್ಟೆಯ ಹಾಗೆ ನೇಯ್ದ ಪಟ್ಟಿ. ಅದು ಒಣಗಿರಬೇಕು. ಪಟ್ಟಿ ಮುಟ್ಟುವ ಮೊದಲು ಅಪ್ಪ ಒಲೆಯ ಬೂದಿ ತರಿಸಿ ಕೈ ತಿಕ್ಕಿ ತೊಳೆದುಕೊಳ್ಳುತ್ತಿದ್ದ. ಗಾಡಿಯ ಕಂಡಕ್ಟರ್ ಹುಸೇನಸಾಬ್ ಒಮ್ಮೆ ಭಜಿ ತಿಂದ ಕೈಯಲ್ಲಿ ಮುಟ್ಟಿದ್ದಕ್ಕೆ ಅವನನ್ನು ಬಾಯಿಗೆ ಬಂದಂತೆ ಬೈದಿದ್ದ. ಇದನ್ನೆಲ್ಲ ಅಪ್ಪ ಹುಸೇನಸಾಬನಿಗೆ ಹೇಳಿದ, ನೋಡುತ್ತ ಕುಳಿತ ನನಗೂ ಹೇಳಿದ. ಆಯಿಗೆ ಹೇಳುವುದು ಹೇಗೆ, ಮಾತೇ ಇರಲಿಲ್ಲವಲ್ಲ. ರಿವೆಟ್ಟು ಬಡಿದದ್ದೆಲ್ಲ ಮುಗಿಯಿತು. ಎಡಗಡೆಯ ಜೋಡಿಯನ್ನು ಅಂದೇ ಗಾಲಿಗೆ ಹಾಕಿದ. ಬಲಗಡೆಯ ಜೋಡಿಯನ್ನು ದೇವರ ಮನೆಯ ಹೊಸ್ತಿಲಲ್ಲಿ ಇಟ್ಟ. ಪೂಜೆಯ ಮರುದಿನ ಹಣೆಗೆ ಇಟ್ಟಂತೆ ಒಂದೊಂದು ಕುಂಕುಮದ ಬೊಟ್ಟಿದ್ದ ಪಟ್ಟಿಗಳು ಮತ್ತೆ ಅದೇ ಹೊಸ್ತಿಲಿಗೆ ಬಂದವು. ಎಣ್ಣೆ ಹಚ್ಚುವುದು ಕಬ್ಬಿಣಕ್ಕೆ, ಬಟ್ಟೆಯಂಥ ಪಟ್ಟಿಗೆ ಬೊಟ್ಟಷ್ಟೇ ಎಂದುಕೊಂಡ ಅಪ್ಪ ಅದನ್ನು ಒರೆಸಿ ಹಾಕಿದ.

ಬನ್ನಿ ಕೊಟ್ಟು ಬಂಗಾರದ ಹಾಗೆ ಇರೋಣ ಎಂದು ಊರೆಲ್ಲ ಕಾಲಿಗೆ ಬೀಳುತ್ತಿದ್ದ ಸಂಜೆ ಗಾಡಿ ಅಮ್ಮಿನಬಾವಿಯಿಂದ ತಿರುಗಿ ಬಂತು. ಹುಸೇನಸಾಬ್ ಬಂಗಾರ ಕೊಡುವುದನ್ನೂ ಮರೆತು ಅಂಗಳದ ಕಟ್ಟೆಯ ಮೇಲೆ ಕುಳಿತುಬಿಟ್ಟ. ಅವ್ವ ನೀರು ಕೊಟ್ಟಳು. ಅಪ್ಪ ಬಚ್ಚಲಿಗೆ ಹೋದದ್ದನ್ನು ನೋಡಿಕೊಂಡು ಹುಸೇನಸಾಬ್ ಅವಳಿಗೆ ಹೇಳಿದ.

"ವೈನೀ, ಗಾಡಿ ಎಡಕ್ಕ ಎಳೀತೈತಿ. ಹಳ್ಳದ ಇಳುಕಲಿಗೆ ಅಣ್ಣಾರು ಬಿರೇಕ ಒತ್ತಿದ್ರು, ಯಾರೋ ಕೈ ಹಿಡದು ಜಗ್ಗಿದಂಗ ಎಡಕ್ಕ ಹೋತು. ಅದ ಜಾಗಾದಾಗ."

ಪಡಸಾಲೆಯಲ್ಲಿ ಹತ್ತಿಯ ಬತ್ತಿ ಹೊಸೆಯುತ್ತಿದ್ದ ಆಯಿ ಕೈ ನಿಲ್ಲಿಸಿದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ಮಗ ಸಾಲಿ ಮುಗಿಸಿಕೊಂಡು ಮನೆಗೆ ಬಂದನೆಂದು ಕೇಳಿದ ತಾಯಿಯ ಮುಖ ಅದು.

"ಈರಣ್ಣ," ಎಂದಳು.

ಮಾತು ಹಳ್ಳಿಗಳಿಗೆ ಮುಟ್ಟಲು ತಡವಾಗಲಿಲ್ಲ. ಹಳ್ಳ ಬರುವ ಮೊದಲೇ ಮಂದಿ ಗಾಡಿ ನಿಲ್ಲಿಸಿ ಇಳಿದುಬಿಡುತ್ತಿದ್ದರಂತೆ. ಇಳಿಜಾರನ್ನು ನಡೆದು ದಾಟಿ, ಆ ಕಡೆ ನಿಂತು, ಅಪ್ಪ ಖಾಲಿ ಗಾಡಿಯನ್ನು ಒಬ್ಬನೇ ಇಳಿಸಿಕೊಂಡು ಬರುವುದನ್ನು ನೋಡುತ್ತಿದ್ದರಂತೆ. ಮನೆಯಲ್ಲಿ ಆಯಿ ಅಡುಗೆಯಾದ ಕೂಡಲೇ ಮೊದಲ ರೊಟ್ಟಿಯ ಮೇಲೆ ಬೆಣ್ಣೆ, ಗುರೆಳ್ಳು ಚಟ್ನಿ ಇಟ್ಟು ಮೋಟಾರಿನ ಎಡಗಡೆಯ ಗಾಲಿಯ ಹತ್ತಿರ ಇಡತೊಡಗಿದಳು. ಅಲ್ಲೇ ಕುಕ್ಕರಗಾಲಲ್ಲಿ ಕುಳಿತು ಮಡ್‌ಗಾರ್ಡಿನ ಮೇಲೆ ಕೈಯಿಟ್ಟು ಮಾತಾಡುತ್ತಿದ್ದಳು. ಒಮ್ಮೆ ಪ್ರೀತಿಯಿಂದ, ಒಮ್ಮೆ ಗದರಿಸಿ.

"ಬಂದೀಯಲ್ಲ, ಸುಮ್ಮನಿರು ಮತ್ತ. ಅಣ್ಣನ್ನ ಕರೀಬ್ಯಾಡ. ಅಂವಗ ಹೆಂಡ್ರು, ಮಗಳು ಅದಾರ. ನಾ ಬರತೇನಿ ಬೇಕಾದ್ರ."

ನಾನು ಆ ದಿನಗಳಲ್ಲಿ ಅಂಗಳ ದಾಟುವಾಗ ಮೋಟಾರಿನ ಕಡೆ ನೋಡುತ್ತಿರಲಿಲ್ಲ. ಮುಂಜಾನೆ ಅಪ್ಪ ಗಾಡಿ ಹೊರಡಿಸಿದರೆ ಅವ್ವ ಬಾಗಿಲಲ್ಲೇ ನಿಂತಿರುತ್ತಿದ್ದಳು, ಸಪ್ಪಳ ಪೂರ್ತಿ ಕೇಳದಾದ ಮೇಲೂ. ಸಂಜೆ ಹಾರ್ನು ಕೇಳುವ ತನಕ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಇವತ್ತು ಅಪ್ಪ ಬರುತ್ತಾನೋ ಇಲ್ಲವೋ ಎಂಬುದೊಂದೇ ಮನೆ ತುಂಬ ಇತ್ತು.

ಅಪ್ಪ ದೆವ್ವವನ್ನು ನಂಬಲಿಲ್ಲ. ನಂಬಲಿಲ್ಲ ಅಂತ ತೋರಿಸಿಕೊಂಡ ಅನ್ನುವುದು ಸರಿ. ಬೆಳಕು ಹರಿಯುತ್ತಲೇ ಗಾಡಿಯ ಕೆಳಗೆ ಹೋಗುತ್ತಿದ್ದ. ಮೊದಲು ಟೈರಿನ ಗಾಳಿ ಎರಡೂ ಕಡೆ ಸಮ ಮಾಡಿದ. ಆಮೇಲೆ ಬ್ರೇಕು ಎಳೆಯುವ ಸರಳುಗಳನ್ನು ಬಿಚ್ಚಿ ಎರಡರ ಉದ್ದ ತಾಳೆ ನೋಡಿದ. ಜಾಕಿ ಕೊಟ್ಟು ಮುಂದಿನ ಗಾಲಿಗಳನ್ನು ಎತ್ತಿ, ಬ್ರೇಕು ಒತ್ತಲು ಅವ್ವನನ್ನು ಡ್ರೈವರನ ಸೀಟಿಗೆ ಹತ್ತಿಸಿದ. ಹುಸೇನಸಾಬ್ ಬರುವುದು ತಡವಾಗುತ್ತಿತ್ತು, ಬಂದಿದ್ದರೂ ಆ ಸೀಟಿನಲ್ಲಿ ಅವನು ಕೂರುತ್ತಿರಲಿಲ್ಲ. ಅವ್ವ ಸೀರೆ ಎತ್ತಿ ಕಟ್ಟಿ, ತಲೆಯ ಮೇಲಿನ ಸೆರಗು ಜಾರದಂತೆ ಹಲ್ಲಲ್ಲಿ ಕಚ್ಚಿ, ಕಾಕಾ ಕುಳಿತು ಸತ್ತ ಸೀಟಿನಲ್ಲಿ ಕುಳಿತಳು. ನನ್ನ ಅವ್ವ ಎಂಥವಳು ಎಂದು ಯಾರಾದರೂ ಕೇಳಿದರೆ ನಾನು ಇದೊಂದನ್ನೇ ಹೇಳುತ್ತೇನೆ.

"ಒತ್ತು."

"ಒತ್ತೇನ್ರಿ."

"ಬಿಡು. ಮತ್ತ ಒತ್ತು, ಸಾವಕಾಶ."

ಅಪ್ಪ ಒಂದೊಂದು ಗಾಲಿಯನ್ನೂ ಕೈಯಿಂದ ತಿರುಗಿಸಿ ನೋಡಿದ. ನಿಂತಲ್ಲಿ ಎರಡೂ ಸಮವಾಗಿ ಹಿಡಿಯುತ್ತಿದ್ದವು. ಅದೇ ಅವನಿಗೆ ಬಿಡಿಸಲಾಗದ ಗಂಟಾಯಿತು. ಮನೆಯಿಂದ ಹೊರಟಾಗಲೂ ಗಾಡಿ ನೆಟ್ಟಗೇ ಹೋಗುತ್ತಿತ್ತು. ಅಮ್ಮಿನಬಾವಿ ದಾಟಿ, ಐದಾರು ಕಡೆ ನಿಂತು, ಬ್ರೇಕು ಕಾದ ಮೇಲೆ ಎಡಕ್ಕೆ ಎಳೆಯುತ್ತಿತ್ತು. ಹಳ್ಳ ಬರುವುದೂ ಸರಿಯಾಗಿ ಆಗಲೇ. ಒಂದು ದಿನ ಇಳಿಜಾರು ಇಳಿದ ಕೂಡಲೇ ಗಾಡಿ ನಿಲ್ಲಿಸಿ ಎರಡೂ ಡ್ರಮ್ಮು ಮುಟ್ಟಿ ನೋಡಿದನಂತೆ. ಎಡಗಡೆಯದಕ್ಕೆ ಅಂಗೈ ಸುಟ್ಟು ಬೊಬ್ಬೆ ಬಂತು, ಬಲಗಡೆಯದು ಬೆಚ್ಚಗಿತ್ತು ಅಷ್ಟೇ. ಎಡಗಡೆಯದು ಎಳೆಯುತ್ತಿಲ್ಲ, ಬಲಗಡೆಯದು ಹಿಡಿಯುತ್ತಿಲ್ಲ ಎಂಬುದು ಆಗ ಅವನಿಗೆ ಗೊತ್ತಾಯಿತು. ಮನೆಗೆ ಬಂದು, ಬಲಗಡೆಯ ಪಟ್ಟಿ ಬಿಚ್ಚಿ ನೋಡಿದರೆ ಕನ್ನಡಿಯ ಹಾಗೆ ಕರ್ರಗೆ ಹೊಳೆಯುತ್ತಿತ್ತು. ಗಾಲಿಯ ನಡುವಿನ ಗ್ರೀಸು ಸೋರಿ ಪಟ್ಟಿಗೆ ಇಳಿದಿದೆ ಎಂದು ತೀರ್ಮಾನಿಸಿ, ಗ್ರೀಸು ತಡೆಯುವ ಬಿಲ್ಲೆಯನ್ನು ಬದಲಿಸಿದ. ಪಟ್ಟಿಯನ್ನು ಪೆಟ್ರೋಲಿನಲ್ಲಿ ತೊಳೆದು, ತಂತಿಯ ಬ್ರಶ್ಶಿನಿಂದ ಉಜ್ಜಿ, ಒಣಗಲೆಂದು ರಾತ್ರಿ ಪಡಸಾಲೆಯಲ್ಲಿ ಬಿಟ್ಟು ಬೆಳಿಗ್ಗೆ ಹಾಕಿದ. ಅಂದು ಗಾಡಿ ಮೊದಲಿಗಿಂತ ಜೋರಾಗಿ ಎಡಕ್ಕೆ ಹೋಯಿತು. ಸೇತುವೆಯ ಹೊಸ ಕಟ್ಟೆಗೆ ಮಡ್‌ಗಾರ್ಡು ಉಜ್ಜಿ ಬಣ್ಣ ಕಿತ್ತು ಬಂದಿತ್ತು.

ಅಂದು ಅಪ್ಪ ಗಾಡಿ ನಿಲ್ಲಿಸಿದ ಮೇಲೂ ಸೀಟಿನಿಂದ ಇಳಿಯಲಿಲ್ಲ. ಆಯಿ ಗುಡಿಗೆ ಹೋಗಿದ್ದಳು. ಅವ್ವ ಚಹಾ ತಗೊಂಡು ಹೋದವಳು ಮುಂದಿನ ಗಾಲಿಯ ಹತ್ತಿರ ನಿಂತು ಮೂಗು ಮೇಲೆತ್ತಿದಳು.

"ಏನ್ರಿ ಇದು ವಾಸನಿ?"

"ಗ್ರೀಸು. ಮತ್ತ ಸೋರೈತಿ."

"ಗ್ರೀಸಲ್ಲರಿ ಇದು. ಕುಸುಬಿ ಎಣ್ಣಿ. ಬಾಣಲಿ ಒಲಿ ಮ್ಯಾಲ ಮರತ್ರ ಹಿಂಗ ನಾರತೈತಿ."

ಅಪ್ಪನಿಗೆ ನಗು ಬಂತು. ಬಹಳ ದಿನಗಳ ಮೇಲೆ ಅವನು ನಕ್ಕದ್ದು.

"ಮೋಟಾರಕ್ಕ ಯಾರ ಒಗ್ಗರಣಿ ಹಾಕ್ಯಾರ?"

ಆ ಮಾತು ಮುಗಿಯುವ ಮೊದಲೇ ಅವನ ನಗು ನಿಂತಿತು. ಇಳಿದು ಬಂದು, ಬೂದಿಯನ್ನೂ ಕೇಳದೆ ಬಲಗಡೆಯ ಗಾಲಿ ಬಿಚ್ಚಿದ. ಪಟ್ಟಿಯನ್ನು ಕಲ್ಲಿನ ಮೇಲಿಟ್ಟು ಒಂದು ರಿವೆಟ್ಟು ಕಿತ್ತ. ಮೇಲೆಲ್ಲ ಕರ್ರಗಿದ್ದ ಪಟ್ಟಿಯ ಅಡಿಯಲ್ಲಿ, ರಿವೆಟ್ಟಿನ ತೂತಿನ ಸುತ್ತ, ಹಳದಿಯಿತ್ತು. ಹೆಬ್ಬೆರಳಿನಿಂದ ಒರೆಸಿ ಧೋತರಕ್ಕೆ ಹಚ್ಚಿಕೊಂಡು ನೋಡಿದ. ಅರಿಶಿಣ. ಪಡಸಾಲೆಯಲ್ಲಿ ಒಣಗಲು ಇಟ್ಟ ರಾತ್ರಿ ಆಯಿ ಅದನ್ನು ಎತ್ತಿ ದೇವರ ಮುಂದೆ ಒಯ್ದು, ಮಗನ ಜೀವ ಉಳಿಯಲೆಂದು ಮೊದಲಿಗಿಂತ ಹೆಚ್ಚು ಎಣ್ಣೆ ಕುಡಿಸಿ, ಒರೆಸಿ, ಇದ್ದಲ್ಲೇ ಇಟ್ಟಿದ್ದಳು. ತಣ್ಣಗಿದ್ದಾಗ ಎಣ್ಣೆ ಪಟ್ಟಿಯ ನೇಯ್ಗೆಯೊಳಗೆ ಅಡಗಿರುತ್ತಿತ್ತು, ಕಾದ ಕೂಡಲೇ ಮೇಲೆ ಬರುತ್ತಿತ್ತು. ಅಪ್ಪ ಅವ್ವನಿಗೆ ಇದನ್ನು ಹೇಳುತ್ತ ಹೇಳುತ್ತ ತಡೆದ. ಮುಂದಿನದನ್ನು ಅವ್ವನೇ ಕೇಳಿದಳು, ದನಿ ಇಳಿಸಿ.

"ಈರಣ್ಣ ಹೋದಾಗನೂ ಖಂಡೇ ಪೂಜಿ ಆಗಿತ್ತು, ಅಲ್ರಿ?"

"ಹೂಂ. ಬಲಗಡಿ ಪಟ್ಟಿ ಹೊಸಾವು. ಅಂವ ತಾನ ಒಯ್ದು ಅವ್ವನ ಮುಂದ ಇಟ್ಟಿದ್ದ."

ಅಪ್ಪ ನೆಲದ ಮೇಲೆ ಕುಳಿತುಬಿಟ್ಟ. ಪಟ್ಟಿ ಅವನ ಮಡಿಲಲ್ಲಿತ್ತು.

"ಅಂವ ಜೋರ ಹೊಡದಿರಲಿಲ್ಲ. ನಾ ಮಂದಿ ಮುಂದ ಏನೇನ ಅಂದೆ ಅವಂಗ. ಅಂವ ಬಿರೇಕ ಒತ್ತ್ಯಾನ, ಒತ್ತಿದ್ದಕ್ಕ ಸತ್ತಾನ."

"ಅತ್ತಿಯವರಿಗೆ ಹೇಳಬ್ಯಾಡ್ರಿ," ಎಂದಳು ಅವ್ವ. "ನಿಮ್ಮ ಕೈ ಮುಗೀತೇನಿ. ಈ ಮಾತು ಅವರ ಕಿವಿಗೆ ಬಿದ್ರ ಅವರು ಉಳಿಯಂಗಿಲ್ಲ."

ಅಪ್ಪ ತಲೆ ಎತ್ತಿದಾಗ ಪಡಸಾಲೆಯ ಕಂಬದ ಹತ್ತಿರ ನಾನಿದ್ದೆ. ನನ್ನನ್ನೇ ನೋಡಿದ. ನಾನು ಹೂಂ ಎಂದು ತಲೆಯಾಡಿಸಿದೆ. ಹೇಳಿದ್ದನ್ನೆಲ್ಲ ಒಯ್ದು ಮುಟ್ಟಿಸುತ್ತಿದ್ದ ನಾನು ಮುಟ್ಟಿಸದೆ ಇಟ್ಟುಕೊಂಡ ಮೊದಲ ಮಾತು ಅದು.

ಅಪ್ಪ ಹೇಗೋ ಇನ್ನೊಂದು ಜೋಡಿ ಪಟ್ಟಿ ಹೊಂದಿಸಿದ. ಮನೆಗೆ ತರಲಿಲ್ಲ, ಊರ ಹೊರಗೆ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ಅಲ್ಲೇ ಹಾಕಿದ. ಗಾಡಿ ನೆಟ್ಟಗೆ ಹೋಗಿ ನೆಟ್ಟಗೆ ನಿಂತಿತು. ಮಂದಿ ಇಳಿಜಾರಿನಲ್ಲಿ ಇಳಿಯುವುದನ್ನು ಬಿಟ್ಟರು. ನಮ್ಮ ಮನೆಯಲ್ಲಿ ಸಂತೋಷವಾಗಬೇಕಿತ್ತು. ಆಯಿ ಒಂದು ಸಂಜೆ ರೊಟ್ಟಿ ಇಡಲು ಹೋದವಳು ಅಲ್ಲೇ ನಿಂತು ನನ್ನನ್ನು ಕರೆದಳು.

"ಗಂಗೂ, ನಿಮ್ಮಪ್ಪಗ ಕೇಳು. ಗಾಡಿ ಇನ್ನಾ ಎಡಕ್ಕ ಎಳೀತೈತೇನು?"

"ಇಲ್ಲಂತ ಆಯಿ."

"ಹಂಗಾರ ಹೋದ," ಎಂದಳು. ಮಡ್‌ಗಾರ್ಡಿನ ಮೇಲಿಂದ ಕೈ ತೆಗೆದು, ಆ ರೊಟ್ಟಿಯನ್ನು ಓಣಿಯ ಆಕಳಿಗೆ ಹಾಕಿ ಬಂದಳು. ಅಂದು ಅವಳು ಉಣ್ಣಲಿಲ್ಲ. ಮಗ ಎರಡನೆಯ ಸಲ ಸತ್ತ ಹಾಗಾಗಿತ್ತು ಅವಳಿಗೆ, ಕಾರಣ ಗೊತ್ತಿದ್ದ ಮೂವರೂ ಸುಮ್ಮನೆ ತುತ್ತು ನುಂಗಿದೆವು. ಅಪ್ಪನಿಗೆ ಅದನ್ನು ನೋಡುವುದಾಗಲಿಲ್ಲ. ತಾಯಿಗೆ ಏನಾದರೂ ಒಂದನ್ನು ತಿರುಗಿ ಕೊಡಬೇಕು ಎನಿಸಿತೋ ಏನೋ, ಮರುದಿನ ಊಟದ ಹೊತ್ತಿಗೆ, ನನ್ನ ಕಡೆ ನೋಡದೆ, ನೆಟ್ಟಗೆ ಅವಳಿಗೇ ಹೇಳಿದ.

"ಅವ್ವಾ, ಈರಣ್ಣಂದೇನೂ ತಪ್ಪಿರಲಿಲ್ಲ. ಅಂವ ಜೋರ ಹೊಡದಿರಲಿಲ್ಲ. ನಾ ಸುಳ್ಳ ಅಂದಿದ್ದೆ."

ಆಯಿ ತಲೆ ಎತ್ತಿದಳು. ನಾನು ಅಭ್ಯಾಸದಿಂದ ಬಾಯಿ ತೆರೆದು ಕಾಯ್ದೆ, ಆದರೆ ನನ್ನ ಕೆಲಸ ಅಂದು ಮುಗಿದಿತ್ತು.

"ನಿನಗ ಯಾರ ಹೇಳಿದ್ರು?"

"ಯಾರೂ ಹೇಳಲಿಲ್ಲ. ನನಗ ತಿಳೀತು."

"ಮತ್ತ ಯಾರ್ದು ತಪ್ಪು?"

ಅವ್ವನ ಕೈಯಲ್ಲಿ ಮಜ್ಜಿಗೆಯ ಸವುಟು ಹಾಗೇ ನಿಂತಿತ್ತು.

"ಯಾರ್ದೂ ಅಲ್ಲವ್ವಾ. ರಸ್ತಾದ್ದು."

"ರಸ್ತಾದ್ದು," ಎಂದು ಆಯಿ ಅದನ್ನೇ ತಿರುಗಿ ಅಂದಳು. ಅಂದಿನಿಂದ ಅವರಿಬ್ಬರೂ ಮಾತಾಡತೊಡಗಿದರು. ಆದರೆ ಆಯಿ ಆ ವರ್ಷವೆಲ್ಲ ಏನನ್ನೋ ಎಣಿಸುತ್ತಿದ್ದವಳಂತೆ ಇದ್ದಳು. ಗಾಡಿಯ ಕೆಲಸ ಅಪ್ಪ ಈಗ ಮನೆಯಲ್ಲಿ ಯಾಕೆ ಮಾಡುವುದಿಲ್ಲ, ಹೊಸ್ತಿಲಲ್ಲಿ ಯಾವ ಸಾಮಾನೂ ಯಾಕೆ ಬರುವುದಿಲ್ಲ ಎಂದು ಕೇಳಲಿಲ್ಲ, ನೋಡುತ್ತಿದ್ದಳು.

ಮತ್ತೆ ಖಂಡೇ ಪೂಜೆ ಬಂತು. ಬೆಳಿಗ್ಗೆ ಆಯಿ ನನ್ನನ್ನು ಕರೆದುಕೊಂಡು ಮೋಟಾರಿಗೆ ಚೆಂಡುಹೂವಿನ ಮಾಲೆ ಹಾಕಲು ಹೋದಳು. ಡ್ರೈವರನ ಸೀಟಿನ ಕೆಳಗೆ ಕಾಗದ ಸುತ್ತಿದ ಗಂಟೊಂದಿತ್ತು. ಕಾಗದ ಸರಿಸಿ ನೋಡಿದಳು: ಹೊಸ ಪಟ್ಟಿ, ಎರಡು ಜೋಡಿ. ಹಾಗೇ ಮುಚ್ಚಿದಳು. ನನ್ನ ಕಡೆ ನೋಡಿದಳು, ನಾನು ಹೂವಿನ ದಾರ ನೋಡಿದೆ. ಪೂಜೆಯ ಹೊತ್ತಿಗೆ ಅಪ್ಪ ನಟ್ಟು ಬಿಚ್ಚುವ ಒಂದು ಪಾನಾ, ಒಂದು ಸುತ್ತಿಗೆ ತಂದು ದೇವರ ಮುಂದೆ ಇಟ್ಟ. ಆಯಿಯ ಕೈಯಲ್ಲಿ ಅರಿಶಿಣದ ಎಣ್ಣೆಯ ಬಟ್ಟಲಿತ್ತು.

"ಬಿರೇಕಿನ ಪಟ್ಟಿ ತರಲಿಲ್ಲೇನು?"

"ಈ ಸಲ ಬೇಕಾಗಲಿಲ್ಲವ್ವಾ."

ಅಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಆಯಿ ಅವನ ಮುಖವನ್ನು ನೋಡಿದಳು, ಆಮೇಲೆ ತನ್ನ ಕೈಯಲ್ಲಿದ್ದ ಬಟ್ಟಲನ್ನು ನೋಡಿದಳು. ಎಷ್ಟೋ ಹೊತ್ತು ಅದನ್ನೇ ನೋಡಿದಳು. ಅವಳ ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು. ಆಯಿಗೆ ಏನೂ ತಿಳಿಯಲಿಲ್ಲ, ಏನೂ ತಿಳಿಯದೆಯೇ ಹೋದಳು ಎಂದು ಅವ್ವ ಸಾಯುವವರೆಗೂ ಹೇಳುತ್ತಿದ್ದಳು. ಅವ್ವ ಬಾಗಿಲ ಹೊರಗಿದ್ದಳು. ನಾನು ಒಳಗಿದ್ದೆ. ಪಾನಾಕ್ಕೆ, ಸುತ್ತಿಗೆಗೆ ಆಯಿ ಬರೀ ಒಂದೊಂದು ಹೂ ಇಟ್ಟಳು. ಕಾಲಿನಿಂದ ಮಣೆಯೊಂದನ್ನು ಸರಿಸಿದಳು.

"ಬಾ ಇಲ್ಲೆ. ಕುಂದ್ರು."

ಅಷ್ಟು ದೊಡ್ಡ ಗಂಡಸು ಅಂಗಿ ಬಿಚ್ಚಿ, ತಲೆ ತಗ್ಗಿಸಿ ಮಣೆಯ ಮೇಲೆ ಕುಳಿತ. ಆಯಿ ಬಟ್ಟಲಿನ ಎಣ್ಣೆಯನ್ನು ಅಂಗೈಗೆ ಸುರಿದುಕೊಂಡು ಅವನ ನೆತ್ತಿಗೆ ಇಟ್ಟಳು. ತಟ್ಟಿದಳು, ತಿಕ್ಕಿದಳು, ಮತ್ತೆ ಸುರಿದುಕೊಂಡಳು. ಎಣ್ಣೆ ಅವನ ಕಿವಿಯ ಹಿಂದಿನಿಂದ ಇಳಿದು, ಕುತ್ತಿಗೆಯಿಂದ ಬೆನ್ನಿಗೆ ಹರಿಯಿತು. ಅವನ ಹೆಗಲು ಅಲುಗುತ್ತಿತ್ತು.

"ಸಾಕವ್ವಾ. ಭಾಳಾತು."

"ಇರ್ಲಿ," ಎಂದು ಆಯಿ ಬಟ್ಟಲನ್ನು ಪೂರ್ತಿ ಬಗ್ಗಿಸಿದಳು. "ನಿಮ್ಮಿಬ್ಬರದೂ ಐತಿ ಇದರಾಗ."